ಅರ್ಧದಾರಿಯಲ್ಲಿ ನಿಲ್ಲಬಾರದ ಹಣ

ಕೇಳುಗರಿಗೆ ನಮಸ್ಕಾರ.

ಅಂಗನವಾಡಿಯಲ್ಲಿ ಮಗುವಿನ ರಟ್ಟೆಗೆ ಸುತ್ತಿ ನೋಡುವ ಮೂರು ಬಣ್ಣದ ಪಟ್ಟಿಯನ್ನು ನಿಮ್ಮಲ್ಲಿ ಬಹಳ ಜನ ಕಂಡಿದ್ದೀರಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆ 11.5 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಪಟ್ಟಿ ಕೆಂಪು ತೋರಿಸುತ್ತದೆ. ಅದು ತೀವ್ರ ಅಪೌಷ್ಟಿಕತೆ. ಸುಡಾನ್, ಯೆಮೆನ್, ನೈಜೀರಿಯಾದಲ್ಲೂ ಇದೇ ಅಳತೆ. ಆದರೆ ಇಲ್ಲಿ ಆ ಮಗುವನ್ನು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಲು ನಮ್ಮ ಸರಕಾರದ್ದೇ ಹಣವಿದೆ. ಅಂಥ ದೇಶಗಳಲ್ಲಿ ಚಿಕಿತ್ಸೆ ಬಹುಪಾಲು ನಡೆಯುವುದು ಹೊರದೇಶಗಳು ಕೊಡುವ ನೆರವಿನಿಂದ.

ಆ ಚಿಕಿತ್ಸೆಯ ಮೂಲವಸ್ತು ನಮ್ಮ ಹೊಲದ ಶೇಂಗಾನೇ. ಹುರಿದು ನುಣ್ಣಗೆ ಅರೆದ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ಜೀವಸತ್ವ ಮತ್ತು ಖನಿಜ. ಪೊಟ್ಟಣಕ್ಕೆ 92 ಗ್ರಾಂ, 500 ಕಿಲೊಕ್ಯಾಲರಿ. ಇದರಲ್ಲಿ ನೀರಿನಂಶ ತೀರ ಕಡಿಮೆ, ಹಾಗಾಗಿ ರೋಗಾಣು ಬೆಳೆಯುವುದಿಲ್ಲ, ಫ್ರಿಜ್ ಬೇಡ. ಕಲಸುವುದಕ್ಕೆ ನೀರು ಬೇಡವಾದ್ದರಿಂದ ಕೆಟ್ಟ ನೀರಿನಿಂದ ಭೇದಿ ಹತ್ತುವ ಭಯವೂ ಇಲ್ಲ. ಏಳು ಕಿಲೊ ತೂಕದ ಮಗುವಿಗೆ ದಿನಕ್ಕೆ ಸುಮಾರು ಎರಡೂವರೆ ಪೊಟ್ಟಣ, ಆರರಿಂದ ಎಂಟು ವಾರ. ತಾಯಿ ವಾರಕ್ಕೊಮ್ಮೆ ಬಂದು ಮಗುವನ್ನು ತೂಗಿಸಿ, ಮುಂದಿನ ಏಳು ದಿನದ್ದನ್ನು ಒಯ್ಯುತ್ತಾಳೆ. ಹಸಿವೇ ಸತ್ತುಹೋದ ಮಗುವಿಗೆ ಮಾತ್ರ ಆಸ್ಪತ್ರೆಯೇ ಆಗಬೇಕು. ಅಲ್ಲಿ ಮೊದಲು 100 ಮಿಲಿಲೀಟರಿಗೆ 75 ಕಿಲೊಕ್ಯಾಲರಿಯ ತೆಳು ಹಾಲು ಕೊಡುತ್ತಾರೆ, ಒಮ್ಮೆಲೇ ಹೆಚ್ಚು ಕೊಟ್ಟರೆ ಸೊರಗಿದ ಮೈಯ ಹೃದಯ ತಾಳುವುದಿಲ್ಲ.

ಶೇಂಗಾವನ್ನು ಹಸಿಯಾಗಿ ರಾಶಿ ಹಾಕಿದರೆ ಬೂಸ್ಟು ಹಿಡಿಯುವುದು ಗದಗ, ಶಿರಹಟ್ಟಿ ಕಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಆ ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಯೇ ಪೊಟ್ಟಣ ಹೊರಬೀಳಬೇಕು. ಆಮೇಲೆ ಹಡಗು, ಬಂದರು, ಗೋದಾಮು, ಲಾರಿ. ಇವತ್ತು ಹಣ ಬಂತು, ನಾಳೆ ಮಗುವಿನ ಬಾಯಿಗೆ ಬಿತ್ತು ಎನ್ನುವ ಹಾಗಿಲ್ಲ. ತಿಂಗಳುಗಟ್ಟಲೆ ಮೊದಲೇ ಆರ್ಡರ್ ಹೋಗಿರಬೇಕು.

ಪೆಟ್ಟು ಬಿದ್ದದ್ದು ಇಲ್ಲಿಯೇ. 2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ಜೀವ ಉಳಿಸುವ ಕೆಲಸಗಳಿಗೆ ವಿನಾಯಿತಿ ಎಂದು ಹೇಳಿತು ನಿಜ, ಆದರೆ ಹಣ ಬಿಡುಗಡೆ ಮಾಡಬೇಕಾದ ಸಿಬ್ಬಂದಿಯನ್ನೇ ಮನೆಗೆ ಕಳಿಸಿದ್ದರಿಂದ ಎಷ್ಟೋ ಕಡೆ ಆ ವಿನಾಯಿತಿ ಕಾಗದದಲ್ಲೇ ಉಳಿಯಿತು. ಜುಲೈ 1ಕ್ಕೆ ಅಮೆರಿಕದ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಮುಚ್ಚಿತು. ಅದೇ ತಿಂಗಳು ಅಲ್ಲಿಯ ಸಂಸತ್ತು ಮೊದಲು ಮಂಜೂರಾಗಿದ್ದ ನೆರವಿನಲ್ಲಿ ಸುಮಾರು 800 ಕೋಟಿ ಡಾಲರ್ ವಾಪಸ್ ಪಡೆಯಲು ಒಪ್ಪಿತು. ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 2027ರ ಹೊತ್ತಿಗೆ ಶೇ. 0.3ಕ್ಕೆ ಇಳಿಸುತ್ತೇನೆಂದಿದೆ. 1970ರಲ್ಲಿ ವಿಶ್ವಸಂಸ್ಥೆ ಇಟ್ಟ ಗುರಿ ಶೇ. 0.7 ಇತ್ತು.

ಹೀಗೆ ನಡುವೆ ಹಣ ನಿಂತಾಗ ಮೊದಲು ಇಲ್ಲವಾಗುವುದು ಪೊಟ್ಟಣವಲ್ಲ. ಹಳ್ಳಿ ಸುತ್ತಿ ರಟ್ಟೆ ಅಳೆಯುವ ಆರೋಗ್ಯ ಕಾರ್ಯಕರ್ತೆಯ ಸಂಬಳ, ಲಾರಿಯ ಡೀಸೆಲ್, ಗೋದಾಮಿನ ಬಾಡಿಗೆ ಇವು ಮೊದಲು ನಿಲ್ಲುತ್ತವೆ. ಪೊಟ್ಟಣ ಗೋದಾಮಿನಲ್ಲೇ ಅವಧಿ ಮೀರುತ್ತದೆ. ಮೂರನೇ ವಾರಕ್ಕೆ ಚಿಕಿತ್ಸೆ ತಪ್ಪಿದ ಮಗು ಮತ್ತೆ ಕೆಂಪು ಪಟ್ಟಿಗೇ ಬರುತ್ತದೆ, ಅಷ್ಟರಲ್ಲಿ ನ್ಯುಮೋನಿಯಾ ಹಿಡಿದರೆ ಉಳಿಯುವುದು ಕಷ್ಟ. 1990ರಲ್ಲಿ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು 1 ಕೋಟಿ 20 ಲಕ್ಷಕ್ಕೂ ಹೆಚ್ಚು, 2022ರಲ್ಲಿ 49 ಲಕ್ಷ. ಈ ಇಳಿಕೆಯಲ್ಲಿ ಲಸಿಕೆಗೆ, ಆಹಾರಕ್ಕೆ ಬಂದ ನೆರವಿನ ಪಾಲು ದೊಡ್ಡದು.

ನಮಗೇ ಸಾಲದಿರುವಾಗ ಹೊರಗಿನ ಚಿಂತೆ ಯಾಕೆ ಎನ್ನುವವರು ಮನೆಯ ಹಿರಿಯರನ್ನು ಕೇಳಿ ನೋಡಿ. ಅರವತ್ತು, ಎಪ್ಪತ್ತರ ದಶಕದಲ್ಲಿ ಶಾಲೆಯಲ್ಲಿ ಅಮೆರಿಕದ ನೆರವು ಸಂಸ್ಥೆ ಕೇರ್ ಕಳಿಸುತ್ತಿದ್ದ ಕೇರ್ ಉಪ್ಪಿಟ್ಟು ತಿಂದು, ಪುಡಿಯ ಹಾಲು ಕುಡಿದವರು ಈ ಭಾಗದಲ್ಲಿ ಇನ್ನೂ ಇದ್ದಾರೆ.

ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ, ಬ್ರಿಟನ್‌ನಲ್ಲಿ ಇದ್ದಾರೆ. ಈ ಭಾನುವಾರ ಫೋನ್ ಮಾಡಿದಾಗ ಅವರಿಗೆ ಒಂದು ಮಾತು ಹೇಳಿ. ಬ್ರಿಟನ್‌ನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯರಿಗೆ ಅಲ್ಲಿಯ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ, ತಮ್ಮ ಸಂಸದರಿಗೆ ಪತ್ರ ಬರೆಯಲಿ. ಅಮೆರಿಕದಲ್ಲಿರುವವರು ತಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಫೋನ್ ಮಾಡಿ, ವಿಳಾಸದ ಜಿಪ್ ಕೋಡ್ ಮೊದಲು ಹೇಳಲಿ, ಅದಿಲ್ಲದಿದ್ದರೆ ಕರೆಯನ್ನು ಕ್ಷೇತ್ರದವರದ್ದೆಂದು ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಅಲ್ಲಿಯ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು, ಆದ್ದರಿಂದ ಬೇಸಿಗೆಯಲ್ಲೇ ಕೇಳಬೇಕು. ಬರೀ ನೆರವು ಕೊಡಿ ಎಂದರೆ ಸಾಲದು. ಮಕ್ಕಳ ಪೌಷ್ಟಿಕತೆಗೆ, ಲಸಿಕೆಗೆ ಇಷ್ಟು ಎಂದು ಬಜೆಟ್‌ನಲ್ಲಿ ಬೇರೆಯಾಗಿ ಬರೆಯಿಸಿ, ಮಂಜೂರಾದದ್ದನ್ನು ಆ ವರ್ಷವೇ ಖರ್ಚು ಮಾಡಿಸಿ ಎಂದು ಕೇಳಲಿ. ಇಲ್ಲಿಂದಲೇ ದೇಣಿಗೆ ಕೊಡುವವರು ಒಮ್ಮೆಗೆ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳೂ ಸಣ್ಣ ಮೊತ್ತ ಕೊಡಿ. ಮುಂದಿನ ವಾರವೂ ಹಣ ಬರುತ್ತದೆ ಎಂಬ ಖಾತ್ರಿಯ ಮೇಲೆಯೇ ಆ ಕಾರ್ಯಕರ್ತೆಯನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಆಗುತ್ತದೆ.

ನಮಸ್ಕಾರ.