ಹಲ್ಲಿನ ಹಿಂಬದಿಯ ಗುಂಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳ ಹಲ್ಲಿನ ಮಾತು ಬಂದಾಗಲೆಲ್ಲ ಸಿಹಿ ಕಡಿಮೆ ಮಾಡಿ, ಎರಡು ಹೊತ್ತು ಹಲ್ಲುಜ್ಜಿಸಿ ಎಂಬ ಉಪದೇಶವನ್ನು ನೀವು ಕೇಳಿಯೇ ಇರುತ್ತೀರಿ. ನಾನು ಇವತ್ತು ಅದನ್ನು ಹೇಳಲು ಬಂದಿಲ್ಲ. ಎಷ್ಟು ಉಜ್ಜಿದರೂ ಸರಿಹೋಗದ, ದವಡೆಯೊಳಗೆ ರೂಪುಗೊಳ್ಳುವಾಗಲೇ ರಚನೆ ತಪ್ಪಿದ ಹಲ್ಲುಗಳಿವೆ. ಅವುಗಳ ವಿಷಯದಲ್ಲಿ ನನ್ನದು ಒಂದೇ ಕೋರಿಕೆ: ಮಗುವಿಗೆ ಎಂಟೊಂಬತ್ತು ವರ್ಷವಾಗಿ ಮೇಲಿನ ಬಾಚಿಹಲ್ಲುಗಳು ಬಂದ ಕೂಡಲೇ ಅವುಗಳ ಹಿಂಬದಿಯನ್ನು ದಂತವೈದ್ಯರಿಗೆ ತೋರಿಸಿ.

ಹಲ್ಲು ಬಾಯಿಗೆ ಬರುವುದಕ್ಕೆ ವರ್ಷಗಳ ಮೊದಲೇ ಅದರ ಮೊಗ್ಗು ಮೂಳೆಯೊಳಗೆ ಬೆಳೆಯುತ್ತಿರುತ್ತದೆ. ಆ ಮೊಗ್ಗು ಗಟ್ಟಿಯಾಗುವ ಮುನ್ನ, ಚೀಲದ ಬಾಯನ್ನು ಬೆರಳಿನಿಂದ ಒಳಕ್ಕೆ ದೂಡಿದ ಹಾಗೆ, ಅದರ ಒಂದು ಭಾಗ ಒಳಕ್ಕೆ ಮಡಚಿಕೊಂಡರೆ ಹಲ್ಲಿನೊಳಗೆ ಪೊಳ್ಳು ಉಳಿದುಬಿಡುತ್ತದೆ. ಮೇಲಿನ ಸಾಲಿನ ನಡುವಿನ ಎರಡು ಹಲ್ಲುಗಳ ಅಕ್ಕಪಕ್ಕದ ಹಲ್ಲುಗಳಲ್ಲಿ ಇದು ಹೆಚ್ಚು. ಹೊರಗಿನಿಂದ ಕಾಣುವುದು ಹಿಂಬದಿಯಲ್ಲಿ ಸೂಜಿಮೊನೆಯಷ್ಟು ಗುಂಡಿ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಶಿರಾ ಕಡೆಯ ಅಜ್ಜ ಒಬ್ಬರು ಹತ್ತು ವರ್ಷದ ಮೊಮ್ಮಗಳನ್ನು ಕರೆತಂದರು. ಬಲಗಡೆಯ ಹಲ್ಲಿನ ಮೇಲೆ ವಸಡಿನಲ್ಲಿ ಕೀವುಗುಳ್ಳೆ ಎದ್ದಿತ್ತು. ಬೇರೆಡೆ ಮೂರು ಸಲ ಮಾತ್ರೆ ಕೊಟ್ಟಿದ್ದರು. ಗುಳ್ಳೆ ಇಳಿಯುತ್ತಿತ್ತು, ತಿಂಗಳೊಳಗೆ ಮತ್ತೆ ಏಳುತ್ತಿತ್ತು. “ಹಲ್ಲಿನಲ್ಲಿ ಒಂದು ಚುಕ್ಕೆ ಹುಳುಕಿಲ್ಲ, ಡಾಕ್ಟ್ರೇ, ಈ ಕೀವು ಎಲ್ಲಿಂದ ಬರ್ತದೆ?” ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಹಲ್ಲಿನ ಮುಂಭಾಗ ಬೆಳ್ಳಗೆ ಹೊಳೆಯುತ್ತಿತ್ತು, ಆಕಾರ ಮಾತ್ರ ಪಕ್ಕದ ಹಲ್ಲಿಗಿಂತ ಸ್ವಲ್ಪ ಪೀಪಾಯಿಯಂತೆ ಉಬ್ಬಿತ್ತು. ಗಾಳಿ ಊದಿ ಒಣಗಿಸಿ, ಪುಟ್ಟ ಕನ್ನಡಿ ಹಿಡಿದು ಹಿಂಬದಿ ನೋಡಿದೆ. ಕಂದುಬಣ್ಣದ ಒಂದು ಗುಂಡಿ ಇತ್ತು. ಎಕ್ಸ್‌ರೇ ತೆಗೆದು ಅಜ್ಜನಿಗೆ ತೋರಿಸಿದೆ. ದೊಡ್ಡ ಹಲ್ಲಿನ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಹಲ್ಲು ಕೂತಂತೆ ಚಿತ್ರ ಬಂದಿತ್ತು. ಅವರು ಬಹಳ ಹೊತ್ತು ನೋಡಿ, “ಇದು ಬಸುರಿ ಹಲ್ಲು ಕಣಮ್ಮ” ಎಂದು ಮೊಮ್ಮಗಳಿಗೆ ಹೇಳಿದರು. ನಮ್ಮ ಶಾಸ್ತ್ರದಲ್ಲಿ ಈ ದೋಷಕ್ಕೆ ಇದ್ದ ಹಳೆಯ ಲ್ಯಾಟಿನ್ ಮೂಲದ ಹೆಸರೊಂದರಲ್ಲೂ ಗರ್ಭದ ಅರ್ಥವೇ ಇದೆ ಎಂದು ನಾನು ಹೇಳಿದಾಗ ಅವರಿಗೆ ಆದ ಸಂತೋಷವನ್ನು ನಾನು ಮರೆತಿಲ್ಲ.

ಆ ಗುಂಡಿಯ ಮೂಲಕ ಅನ್ನದ ಅಗುಳು, ಎಂಜಲು, ರೋಗಾಣು ಎಲ್ಲವೂ ಒಳಗಿಳಿದು, ತೆಳುವಾದ ಗೋಡೆ ದಾಟಿ, ಹಲ್ಲಿನ ನರವನ್ನು ಸಾಯಿಸಿದ್ದವು. ಮಾತ್ರೆ ಅಲ್ಲಿಗೆ ತಲುಪುವುದೇ ಇಲ್ಲ. ಬೇರಿನ ತುದಿ ಇನ್ನೂ ಕೂಡಿರದ ವಯಸ್ಸಾದ್ದರಿಂದ ಒಳಗನ್ನು ತೊಳೆದು, ಸುಣ್ಣದಂಥ ಔಷಧಿ ತುಂಬಿ, ಕಾದು, ಕೊನೆಗೆ ತುದಿಯನ್ನು ಎಂ.ಟಿ.ಎ. ಎಂಬ ಸಿಮೆಂಟಿನಿಂದ ಮುಚ್ಚಬೇಕಾಯಿತು. ಅದಕ್ಕೆ ಐದು ಭೇಟಿ, ನಾಲ್ಕು ತಿಂಗಳು ಹಿಡಿಯಿತು. ಈ ದೋಷ ಎರಡೂ ಬದಿಯಲ್ಲಿ ಇರುವುದು ಸಾಮಾನ್ಯವಾದ್ದರಿಂದ ಎಡಗಡೆಯ ಹಲ್ಲನ್ನೂ ನೋಡಿದೆ. ಅಲ್ಲಿಯೂ ಅದೇ ಗುಂಡಿ, ಆದರೆ ನರ ಇನ್ನೂ ಜೀವಂತ. ಶುಚಿಮಾಡಿ, ಹಲ್ಲಿನ ಬಣ್ಣದ ರಾಳವನ್ನು ಹನಿಸಿ, ನೀಲಿ ಬೆಳಕಿನಲ್ಲಿ ಗಟ್ಟಿಮಾಡಿ ಮುಚ್ಚಿದೆ. ಸೂಜಿಯಿಲ್ಲ, ನೋವಿಲ್ಲ, ಹತ್ತು ನಿಮಿಷ. ಒಂದೇ ಬಾಯಿ, ಒಂದೇ ದೋಷ. ಒಂದು ಹಲ್ಲನ್ನು ಹೊತ್ತಿಗೆ ನೋಡಿದೆವು, ಇನ್ನೊಂದನ್ನು ನೋಡಲಿಲ್ಲ.

1957ರಲ್ಲಿ ಓಹ್ಲರ್ಸ್ ಎಂಬ ತಜ್ಞರು ಈ ಪೊಳ್ಳು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ನೋಡಿ ಮೂರು ಬಗೆ ಮಾಡಿದರು. ಆ ವಿವರ ನಮಗಿರಲಿ. ನಿಮಗೆ ಬೇಕಾದದ್ದು ಹಿಂಬದಿ ತೋರಿಸುವುದು ಮಾತ್ರ.

ಸಮಯ ಕಡಿಮೆಯಿರುವುದರಿಂದ ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಕೋರೆಹಲ್ಲಿನ ಹಿಂದೆ ಬರುವ ಹಲ್ಲುಗಳ ಅಗಿಯುವ ಮೈ ಮೇಲೆ ಕೆಲವೊಮ್ಮೆ ಮೊನೆಯಂಥ ಗುಬುಟು ಇರುತ್ತದೆ. ಎದುರಿನ ಹಲ್ಲು ತಾಗಿ ಅದು ಮುರಿದರೆ ನರವೇ ತೆರೆದುಕೊಳ್ಳುತ್ತದೆ, ಆದ್ದರಿಂದ ಅದರ ಸುತ್ತ ರಾಳ ಕಟ್ಟಿ ಕಾಪಾಡುತ್ತೇವೆ. ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಹೆಚ್ಚುವರಿ ಹಲ್ಲೊಂದು ಅಡಗಿ ಕೂತು, ನಿಜವಾದ ಹಲ್ಲನ್ನು ತಡೆಹಿಡಿಯುವುದೂ ಉಂಟು. ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಬದಿಯದು ಬಾರದಿದ್ದರೆ ಎಕ್ಸ್‌ರೇ ತೆಗೆಸಿ. ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಎಂದು ದಯವಿಟ್ಟು ಸುಮ್ಮನಿರಬೇಡಿ. ಪಾವಗಡ, ಮುಳಬಾಗಿಲು ಕಡೆಯ ಫ್ಲೋರೈಡ್ ನೀರಿನಿಂದ ಹಲ್ಲಿನಲ್ಲಿ ಮೂಡುವ ಕಂದು ಪಟ್ಟೆಗಳದ್ದು ಬೇರೆಯೇ ಕತೆ, ಅದಕ್ಕೆ ಪ್ರತ್ಯೇಕ ಭಾಷಣವೇ ಬೇಕು.

ಮನೆಯಲ್ಲಿ ಟಾರ್ಚ್ ಹಿಡಿದು ಗುಂಡಿ ಹುಡುಕಲು ಹೋಗಬೇಡಿ. ಒದ್ದೆ ಹಲ್ಲಿನಲ್ಲಿ ಅದು ನಮಗೂ ಸುಲಭವಾಗಿ ಕಾಣುವುದಿಲ್ಲ. ವೈದ್ಯರ ಬಳಿ ಹೋದಾಗ ಹುಳುಕಿದೆಯೇ ಎಂದಷ್ಟೇ ಕೇಳಿ ಎದ್ದು ಬರಬೇಡಿ; ಹಲ್ಲು ಒಣಗಿಸಿ ಹಿಂಬದಿ ನೋಡಿದಿರಾ ಎಂದು ಕೇಳಿ. ಅವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ನಮಸ್ಕಾರ.