ಬೇಲಿಯ ಆಚೆ ಡಿಂಗೊ, ಈಚೆ ಕುರಿ

ಕೇಳುಗರಿಗೆ ನಮಸ್ಕಾರ.

ಕಾಡುನಾಯಿ ಅಂದ ಕೂಡಲೇ ನಮಗೆ ಬಂಡೀಪುರ, ನಾಗರಹೊಳೆಯ ಸೀಳುನಾಯಿ ನೆನಪಾಗುತ್ತದೆ, ಅಲ್ವಾ? ಇವತ್ತು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ, ಆಸ್ಟ್ರೇಲಿಯದ ಡಿಂಗೊ ಬಗ್ಗೆ. ಸೀಳುನಾಯಿ ಬೇರೆಯೇ ಜಾತಿ. ಡಿಂಗೊ ನಮ್ಮ ಬೀದಿನಾಯಿಗೇ ಹತ್ತಿರದ ನೆಂಟ. 3,000 ವರ್ಷಕ್ಕೂ ಹಿಂದೆ ಮನುಷ್ಯರ ಜೊತೆ ಸಮುದ್ರ ದಾಟಿ ಬಂತು, ಕಾಡು ಸೇರಿತು, ಕಾಡಿನದೇ ಆಯಿತು. ಟಾಸ್ಮೇನಿಯಾದಲ್ಲಿ ಮಾತ್ರ ಇಲ್ಲ. ಡಿಂಗೊ ಬರುವ ಹೊತ್ತಿಗೆ ಆ ದ್ವೀಪ ಬೇರೆಯಾಗಿ ಸಾವಿರಾರು ವರ್ಷ ಆಗಿತ್ತು.

ಡಿಂಗೊ ಇರುವ ಜಾಗ ಇಂಥದ್ದೇ ಅಂತಿಲ್ಲ. ನಡುನಾಡಿನ ಮರಳುಗಾಡು, ಕ್ವೀನ್ಸ್‌ಲ್ಯಾಂಡಿನ ಮಳೆಕಾಡು, ಆಗ್ನೇಯದ ಹಿಮ ಬೀಳುವ ಬೆಟ್ಟ, ಎಲ್ಲ ಕಡೆ ಬದುಕುತ್ತದೆ. ದನಗಳಿಗೆ ಅಂತ ಕೊರೆಸಿದ ಕೊಳವೆಬಾವಿಗಳಿಂದ ಒಣನಾಡಿನಲ್ಲಿ ಅದಕ್ಕೂ ನೀರು ಸಿಕ್ಕಿತು. ಮೊಲ, ಹಲ್ಲಿ ಹಿಡಿಯುವುದಾದರೆ ಒಂದೇ ಸಾಕು. ದೊಡ್ಡ ಕಾಂಗರೂ ಆದರೆ ಹಿಂಡಾಗಿ ಅಟ್ಟುತ್ತವೆ. ಬೊಗಳುವುದು ಕಮ್ಮಿ, ಊಳಿಡುವುದು ಜಾಸ್ತಿ. ಊರಿನ ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, ಡಿಂಗೊ ಒಂದೇ ಸಲ. ಮರಿ ಹಾಕುವುದು ಹೆಚ್ಚಾಗಿ ಅಲ್ಲಿನ ಚಳಿಗಾಲದಲ್ಲಿ, ಮರದ ಪೊಟರೆಯಲ್ಲೋ ಮೊಲದ ಬಿಲವನ್ನೇ ಅಗಲ ಮಾಡಿಕೊಂಡೋ. ಹಿಂಡಿನಲ್ಲಿ ಸಾಮಾನ್ಯವಾಗಿ ಯಜಮಾನ ಜೋಡಿಗೆ ಮಾತ್ರ ಮರಿ. ಉಳಿದವು ಆ ಮರಿಗಳನ್ನು ಸಾಕಲು ಕೈಜೋಡಿಸುತ್ತವೆ.

ಇನ್ನು ಬೇಲಿಯ ವಿಷಯಕ್ಕೆ ಬರೋಣ. ನನಗೆ ಡಿಂಗೊ ಕಥೆಯಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಇದೇ. ಕುರಿ ಉಳಿಸಿಕೊಳ್ಳಲು ಕ್ವೀನ್ಸ್‌ಲ್ಯಾಂಡಿನಿಂದ ದಕ್ಷಿಣದ ನಲ್ಲಾರ್ಬರ್ ಕಡಲಂಚಿನವರೆಗೆ ತಂತಿಬೇಲಿ ಎಳೆದಿದ್ದಾರೆ. ಉದ್ದ ಸುಮಾರು 5,600 ಕಿಲೋಮೀಟರ್. ಅದರ ಕೆಲವು ಭಾಗ 1880ರ ದಶಕದಷ್ಟು ಹಳೆಯದು, ಆಗ ಹಾಕಿದ್ದು ಮೊಲಗಳನ್ನು ತಡೆಯೋಕೆ. ಮೊಲ ನಿಲ್ಲಲಿಲ್ಲ, ಬೇಲಿ ಉಳಿಯಿತು.

ಒಂದು ಕಡೆ ಡಿಂಗೊ ಇದೆ, ಇನ್ನೊಂದು ಕಡೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ವಿಜ್ಞಾನಿಗಳಿಗೆ ಇಂಥ ಅವಕಾಶ ಸುಮ್ನೆ ಸಿಗುತ್ತದೆಯೇ? ಡಿಂಗೊ ಇಲ್ಲದ ಕಡೆ ಕಾಂಗರೂ ಎಷ್ಟೋ ಪಟ್ಟು ಜಾಸ್ತಿ, ಹುಲ್ಲು ಕಮ್ಮಿ. ನರಿ, ಕಾಡುಬೆಕ್ಕುಗಳ ಕಾಟವೂ ಜಾಸ್ತಿ. ಅವು ಮರಳಿನಲ್ಲಿ ಕುಪ್ಪಳಿಸುವ ಪುಟ್ಟ ಇಲಿಗಳನ್ನು ತಿಂದು ಮುಗಿಸುತ್ತವೆ. ಬೀಜ, ಸಸಿ ತಿನ್ನುವ ಇಲಿ ಹೋದರೆ ಪೊದೆ ಬೆಳೆಯುತ್ತದೆ. ಪೊದೆ ಗಾಳಿಯನ್ನು ತಡೆಯುತ್ತದೆ, ಮರಳು ಅಲ್ಲೇ ನಿಲ್ಲುತ್ತದೆ. ಸ್ಟ್ರೆಲೆಕಿ ಮರುಭೂಮಿಯಲ್ಲಿ ಅಳೆದು ನೋಡಿದಾಗ, ಡಿಂಗೊ ಇಲ್ಲದ ಕಡೆಯ ಮರಳದಿಬ್ಬಗಳು ಹೆಚ್ಚು ಎತ್ತರ ಇದ್ದವು! ಒಂದು ನಾಯಿ ಹೋಗಿದ್ದಕ್ಕೆ ನೆಲದ ಆಕಾರವೇ ಬದಲಾಗಿದೆ.

ಹಾಗಂತ ಕುರಿ ಸಾಕುವವರ ಸಿಟ್ಟು ಸುಳ್ಳಲ್ಲ. ಡಿಂಗೊ ತಿನ್ನುವುದಕ್ಕಿಂತ ಹೆಚ್ಚು ಕುರಿಗಳನ್ನು ಕಚ್ಚಿಹಾಕುವುದುಂಟು. ಅವರಿಗೆ ವಿಷದ ಮಾಂಸ, ಬಂದೂಕು, ಬೇಲಿ, ಮೂರೂ ಬೇಕು. ಆದರೆ ದನ ಸಾಕುವವರಲ್ಲಿ ಕೆಲವರು ಈಗ ಡಿಂಗೊ ಕೊಲ್ಲುವುದನ್ನು ಬಿಟ್ಟಿದ್ದಾರೆ. ಕಾಂಗರೂ ಕಮ್ಮಿಯಾದರೆ ತಮ್ಮ ದನಗಳಿಗೆ ಹುಲ್ಲು ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಪಕ್ಕದಲ್ಲೇ ಕುರಿ ಇಟ್ಟುಕೊಂಡವರ ಜೊತೆ ಇದಕ್ಕಾಗಿ ಜಗಳವೂ ನಡೆಯುತ್ತಿದೆ.

ನಮಸ್ಕಾರ.