ಪೆನ್ಸಿಲ್ ಹಿಡಿಯುವ ಮೊದಲು ಕತ್ತರಿ ಹಿಡಿಯಿರಿ

ಫ್ಯಾಷನ್ ಡಿಸೈನರ್ ಆಗಬೇಕು ಎನ್ನುವವರು ಮೊದಲು ತೋರಿಸುವುದು ತಾವು ಬರೆದ ಚಿತ್ರಗಳನ್ನು. ಚಿತ್ರಗಳು ಸೊಗಸಾಗಿಯೇ ಇರುತ್ತವೆ. ಆದರೆ ಈ ತೋಳನ್ನು ಅಂಗಿಗೆ ಹೇಗೆ ಕೂರಿಸುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅವರನ್ನು ದೂರಲಾರೆ. ಈ ವೃತ್ತಿಯೆಂದರೆ ವೇದಿಕೆ, ಬೆಳಕು, ಚಪ್ಪಾಳೆ ಎಂದೇ ಅವರಿಗೆ ಎಲ್ಲರೂ ತೋರಿಸಿದ್ದಾರೆ. ನನ್ನ ಅಭಿಪ್ರಾಯ ಸ್ಪಷ್ಟ: ಕತ್ತರಿಸುವುದು, ಹೊಲಿಯುವುದು ಕೈಗೆ ಹತ್ತುವವರೆಗೆ ಡಿಸೈನರ್ ಎನಿಸಿಕೊಳ್ಳುವ ಆತುರ ಬೇಡ.

ಆ ತೋಳನ್ನೇ ನೋಡಿ. ಕೋಟಿನ ತೋಳಿನ ಮೇಲಂಚು, ಅದು ಕೂರಬೇಕಾದ ಕಂಕುಳಿನ ಸುತ್ತಿಗಿಂತ ಕೆಲವು ಸೆಂಟಿಮೀಟರ್ ಉದ್ದವಿರುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ಒಂದು ನೆರಿಗೆಯೂ ಕಾಣದಂತೆ ಹೊಲಿಗೆಯೊಳಗೆ ಸೇರಿಸಬೇಕು. ಉಣ್ಣೆಯಾದರೆ ಹಬೆಗೆ ಮಣಿಯುತ್ತದೆ, ಒತ್ತಾಗಿ ನೇಯ್ದ ಹತ್ತಿ ಹಟ ಹಿಡಿಯುತ್ತದೆ. ಇನ್ನು, ಕೈಗೆ ಸಡಿಲವಿರಲಿ ಎಂದು ಹೊಸಬರು ಅಂಗಿಯ ಕಂಕುಳಿನ ಸುತ್ತನ್ನು ಕೆಳಗಿಳಿಸಿ ಕತ್ತರಿಸುತ್ತಾರೆ. ಆಗುವುದು ತದ್ವಿರುದ್ಧ: ಕೈ ಎತ್ತಿದೊಡನೆ ಇಡೀ ಅಂಗಿಯೇ ಮೇಲೇಳುತ್ತದೆ. ಇದನ್ನು ಯಾವ ಚಿತ್ರವೂ ಹೇಳಿಕೊಡುವುದಿಲ್ಲ.

ಫ್ರಾನ್ಸಿನ ಡಿಸೈನರ್ ಮಾಡೆಲೀನ್ ವಿಯೊನೆ ಅವರನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಚಿಕ್ಕ ವಯಸ್ಸಿನಲ್ಲೇ ಹೊಲಿಗೆ ಕಲಿಯಲು ಸೇರಿದವರು, 1912ರಲ್ಲಿ ಪ್ಯಾರಿಸ್‌ನಲ್ಲಿ ಸ್ವಂತ ಮಳಿಗೆ ತೆರೆದರು. ಅವರು ಪುಟ್ಟ ಮರದ ಗೊಂಬೆಯ ಮೇಲೆ ಬಟ್ಟೆಯನ್ನೇ ಹೊದಿಸಿ, ಪಿನ್ನು ಚುಚ್ಚಿ ಯೋಚಿಸುತ್ತಿದ್ದರು. ಹಾಸು ಹೊಕ್ಕುಗಳಿಗೆ, ಅಂದರೆ ಬಟ್ಟೆಯ ಉದ್ದ ಅಡ್ಡ ನೂಲುಗಳಿಗೆ, ಓರೆಯಾಗಿ, 45 ಡಿಗ್ರಿಯಲ್ಲಿ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ, ನೀರಿನಂತೆ ಮೈಮೇಲಿಂದ ಇಳಿಯುತ್ತದೆ. ಆ ಗುಣವನ್ನು ಇಡೀ ಉಡುಪಿಗೆ ಬಳಸಿ ಅವರು ಹೆಸರಾದರು. ಬ್ರಿಟನ್ನಿನ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ ಕೂಡ 16ರ ವಯಸ್ಸಿಗೆ ಶಾಲೆ ಬಿಟ್ಟು, ದರ್ಜಿಗಳಿಗೆ ಹೆಸರಾದ ಲಂಡನ್ನಿನ ಸ್ಯಾವಿಲ್ ರೋ ಬೀದಿಯಲ್ಲಿ ಕೋಟು ಹೊಲಿಯಲು ಕಲಿತರು. ಪದವಿ ಬಂದದ್ದು ಆಮೇಲೆ.

ಜಪಾನಿನ ಹೆಸರಾಂತ ಡಿಸೈನರ್ ರೇ ಕವಕುಬೊ ಡಿಸೈನ್ ಓದಲೇ ಇಲ್ಲವಲ್ಲ ಎಂದು ನೀವು ಕೇಳಬಹುದು. ನಿಜ, ಅವರು ಓದಿದ್ದು ಕಲೆ ಮತ್ತು ಸಾಹಿತ್ಯ. ಆದರೆ ಅವರ ಕಲ್ಪನೆಯನ್ನು ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಮಾದರಿ, ಆಗಿಸುವ ನುರಿತ ಕೈಗಳು ಜೊತೆಗಿವೆ. ವೃತ್ತಿಗೆ ಆಗಷ್ಟೇ ಕಾಲಿಡುವವರಿಗೆ ಅಂಥ ತಂಡವನ್ನು ಯಾರು ಕೊಡುತ್ತಾರೆ?

ಮೊದಲ ಕೆಲಸವೂ ಸಾಮಾನ್ಯವಾಗಿ ಬೇರೊಬ್ಬರ ಕಂಪನಿಯಲ್ಲೇ. ಅಳತೆಯ ಪಟ್ಟಿ, ಗುಂಡಿಯ ಮಾದರಿ, ಮೀಟರ್ ಲೆಕ್ಕ ಇವುಗಳಲ್ಲೇ ದಿನ ಕಳೆಯುತ್ತದೆ. ನೀವು ಬರೆದ ಒಂದು ಹೆಚ್ಚುವರಿ ನೆರಿಗೆ ಸಾವಿರ ಉಡುಪುಗಳಿಗೆ ಎಷ್ಟು ಬಟ್ಟೆ ನುಂಗುತ್ತದೆ, ಹೊಲಿಯುವವರ ಎಷ್ಟು ಹೊತ್ತನ್ನು ಬೇಡುತ್ತದೆ ಎಂದು ತಿಳಿದವರ ಮಾತಿಗೆ ಅಲ್ಲಿ ಬೆಲೆ. ಆ ಹೊಲಿಯುವವರ ದುಡಿಮೆಯನ್ನು ಗೌರವಿಸಲು ಕಲಿಯುವುದೂ ಅಲ್ಲಿಂದಲೇ.

ಇವತ್ತೇ ಶುರುಮಾಡಿ. ಹಳೆಯ ಅಂಗಿಯೊಂದರ ಹೊಲಿಗೆಗಳನ್ನೆಲ್ಲ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ, ಕಾಗದದ ಮೇಲೆ ಗೆರೆ ಎಳೆದುಕೊಂಡು, ಅಗ್ಗದ ಬಟ್ಟೆಯಲ್ಲಿ ಮತ್ತೆ ಹೊಲಿಯಿರಿ. ಕಾಲೇಜು ಸೇರುವುದಾದರೆ, ವರ್ಷಕ್ಕೊಮ್ಮೆ ನಡೆಯುವ ಶೋ ಬಗ್ಗೆ ವಿಚಾರಿಸುವ ಮೊದಲು ವಾರಕ್ಕೆ ಎಷ್ಟು ಗಂಟೆ ಕಟಿಂಗ್ ಮೇಜಿನ ಮುಂದೆ ನಿಲ್ಲಿಸುತ್ತೀರಿ ಎಂದು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಶುಲ್ಕ ಕಟ್ಟಬೇಡಿ.